ಖುಲಾಸೆಯಾದವರು ಪರಿಹಾರ ಕೊಡಬೇಕಾಗುವುದು ಏಕೆ?

ಕ್ರಿಮಿನಲ್ ನ್ಯಾಯಾಲಯದಲ್ಲಿ ಖುಲಾಸೆಯಾದ ವ್ಯಕ್ತಿ ಅದೇ ಕೃತ್ಯಕ್ಕೆ ಪರಿಹಾರ ಕೊಡಬೇಕೆಂದು ಸಿವಿಲ್ ನ್ಯಾಯಾಲಯ ಆದೇಶಿಸಿದರೆ, ಅದು ಒಂದೇ ತಪ್ಪಿಗೆ ಎರಡು ಬಾರಿ ದಂಡಿಸಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಕಾನೂನಿನ ದೃಷ್ಟಿಯಲ್ಲಿ ಹಾಗಾಗುವುದಿಲ್ಲ.

ಖುಲಾಸೆಯೆಂದರೆ ಕೃತ್ಯ ನಡೆದೇ ಇಲ್ಲವೆಂಬ ತೀರ್ಮಾನವಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಪ್ರಭುತ್ವವೇ ಆರೋಪಿಯ ಎದುರು ನಿಲ್ಲುವುದರಿಂದಲೂ, ಅಲ್ಲಿ ಮನುಷ್ಯನ ಸ್ವಾತಂತ್ರ್ಯವೇ ಅಪಾಯದಲ್ಲಿರುವುದರಿಂದಲೂ, ಆರೋಪವನ್ನು ಸಮಂಜಸ ಸಂದೇಹಕ್ಕೆ ಎಡೆಯಿಲ್ಲದಂತೆ ರುಜುವಾತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು. ಇಂಗ್ಲೆಂಡಿನಲ್ಲಿ 1935ರ ವುಲ್ಮಿಂಗ್ಟನ್ ಪ್ರಕರಣವು ಈ ತತ್ತ್ವವನ್ನು ಗಟ್ಟಿಗೊಳಿಸಿತು. ಸಿವಿಲ್ ದಾವೆಯಲ್ಲಾದರೋ, ತಾನು ಹೇಳುವುದು ನಿಜವಾಗಿರುವ ಸಂಭವವೇ ಹೆಚ್ಚೆಂದು ವಾದಿ ತೋರಿಸಿದರೆ ಸಾಕು. ಆದ್ದರಿಂದ ಮೊದಲ ಅಳತೆಗೆ ಸಾಲದ ಸಾಕ್ಷ್ಯ ಎರಡನೆಯದಕ್ಕೆ ಸಾಲಬಹುದು. ಅಮೆರಿಕದಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಒ. ಜೆ. ಸಿಂಪ್ಸನ್ 1995ರಲ್ಲಿ ಇಬ್ಬರ ಕೊಲೆ ಆರೋಪದಿಂದ ಖುಲಾಸೆಯಾದರು. 1997ರಲ್ಲಿ ಸಿವಿಲ್ ಜ್ಯೂರಿ ಅದೇ ಸಾವುಗಳಿಗೆ ಅವರನ್ನು ಹೊಣೆಯಾಗಿಸಿ, ಒಟ್ಟು 3.35 ಕೋಟಿ ಡಾಲರ್ ಪರಿಹಾರ ನಿಗದಿಪಡಿಸಿತು. ಅದರಲ್ಲಿ 2.5 ಕೋಟಿ ದಂಡಾತ್ಮಕ ಪರಿಹಾರವೇ, ಎಂದರೆ ನಷ್ಟ ತುಂಬಲಲ್ಲದೆ ತಪ್ಪಿತಸ್ಥನನ್ನು ದಂಡಿಸಲು ವಿಧಿಸುವ ಮೊತ್ತವೇ, ಆಗಿತ್ತೆಂಬುದನ್ನು ನೋಡಿದರೆ ನಿಮ್ಮ ಸಂದೇಹದಲ್ಲಿ ಹುರುಳಿದೆ ಎಂದೇ ನನಗನ್ನಿಸುತ್ತದೆ.

ಇನ್ನು ಸಂವಿಧಾನದ ಮಾತು. ಒಂದೇ ಅಪರಾಧಕ್ಕೆ ಎರಡು ಬಾರಿ ಶಿಕ್ಷೆ ಕೂಡದೆಂಬ ರಕ್ಷಣೆಯು ಪ್ರಭುತ್ವದ ಕೈಯನ್ನು ಕಟ್ಟುತ್ತದೆಯೇ ಹೊರತು, ನೊಂದವರು ತಮ್ಮ ನಷ್ಟವನ್ನು ಭರಿಸಿಕೊಡುವಂತೆ ಕೇಳುವ ಹಕ್ಕನ್ನಲ್ಲ. ಇದೆಲ್ಲ ಕಾಮನ್ ಲಾ, ಎಂದರೆ ಇಂಗ್ಲೆಂಡಿನಲ್ಲಿ ಬೆಳೆದ, ಹಿಂದಿನ ತೀರ್ಪುಗಳನ್ನು ಆಧಾರವಾಗಿಟ್ಟುಕೊಳ್ಳುವ ಕಾನೂನು ಪದ್ಧತಿಯ ಚೌಕಟ್ಟೆಂಬುದನ್ನು ನೆನಪಿಡಿ. ಬೇರೆ ಪದ್ಧತಿಯಿರುವ ಫ್ರಾನ್ಸಿನಲ್ಲಿ ನೊಂದವರು ಕ್ರಿಮಿನಲ್ ವಿಚಾರಣೆಯೊಳಗೇ ಪರಿಹಾರದ ಬೇಡಿಕೆ ಸಲ್ಲಿಸಬಹುದು.