ತೋಟದ ಹೆಂಗಸರ ಸಾಕ್ಷ್ಯಚಿತ್ರ: ಮೊದಲು ಕ್ಯಾಮೆರಾ ಬೇಡ

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು, ಸಾಲ ಮಾಡಿ ಕ್ಯಾಮೆರಾ ತಗೊಳ್ಳಲಾ ಅಂತ ಹಾಸನದಿಂದ ಕೇಳಿದ್ದೀರಿ. ಖಂಡಿತ ಬೇಡ. ಫೋನ್ ಸಾಕು. ದುಡ್ಡಿದ್ದರೆ ಒಳ್ಳೆ ಮೈಕ್ ತಗೊಳ್ಳಿ, ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಅದಕ್ಕೂ ಮೊದಲು ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್ ಅವರ ಕೆಲಸ ನೋಡಿ. 1980ರಲ್ಲಿ ಗೆಳೆಯರ ಜೊತೆ ಯುಗಾಂತರ್ ಅನ್ನೋ ಚಿತ್ರ ತಂಡ ಕಟ್ಟಿದವರು. ನಮ್ಮ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಯ ಹೆಂಗಸರು ಸಂಘ ಕಟ್ಟಿ ಹೋರಾಡಿದ್ದನ್ನು ಆ ಹೆಂಗಸರ ಜೊತೆಗೇ ಕೂತು ಚಿತ್ರ ಮಾಡಿದರು. ಆಮೇಲೆ 1991ರಲ್ಲಿ ಕುಟುಂಬ ಯೋಜನೆ ಹೆಸರಲ್ಲಿ ಹೆಂಗಸರ ಮೇಲೆ ನಡೆದ ಬಲವಂತದ ಬಗ್ಗೆ, 2011ರಲ್ಲಿ ತಮಿಳುನಾಡಿನ ಮುಸ್ಲಿಂ ಹೆಂಗಸರು ತಾವೇ ಕಟ್ಟಿಕೊಂಡ ಜಮಾತ್, ಅಂದರೆ ನ್ಯಾಯ ಪಂಚಾಯ್ತಿ, ಅದರ ಬಗ್ಗೆ ಚಿತ್ರ ಮಾಡಿದರು. ಇಷ್ಟು ವರ್ಷ ಒಂದೇ ಹಾದಿ ಹಿಡಿದು ನಡೆಯೋದು ಸುಮ್ನೆ ಮಾತಲ್ಲ.

ಕುಯ್ಲಿನ ಕಾಲಕ್ಕೆ ಹೋಗಿ. ಸಂಜೆ ಹಣ್ಣಿನ ಚೀಲ ತಕ್ಕಡಿಗೆ ಇಟ್ಟಾಗ ರೈಟರು (ತೋಟದ ಲೆಕ್ಕ ಬರೆಯುವವರು) ಎಷ್ಟು ಕೇಜಿ ಬರೆದುಕೊಂಡರು ಅಂತ ಹೆಂಗಸರು ಕತ್ತು ಚಾಚಿ ನೋಡುತ್ತಾರಲ್ಲ, ಅಲ್ಲಿ ಕೂಲಿ, ಅನುಮಾನ, ಸುಸ್ತು ಎಲ್ಲಾ ಒಟ್ಟಿಗೆ ಕಾಣುತ್ತೆ. ಆದರೆ ಮೊದಲ ದಿನವೇ ಫೋನ್ ಎತ್ತಬೇಡಿ. ನೀವು ವಾಪಸ್ ಬರುತ್ತೀರಿ, ಅವರು ಅದೇ ಮಾಲೀಕರು ಕೂಲಿಯವರಿಗೆ ಕೊಟ್ಟ ಲೈನ್ ಮನೆಯಲ್ಲಿ ಇರಬೇಕು ಅಲ್ವಾ? ಮುಖ ಬೇಡ ಅಂದರೆ ಕೈ ತೋರಿಸಿ. ಎಡಿಟ್ ಆದ ಮೇಲೆ ಮೊದಲು ಅವರಿಗೇ ತೋರಿಸಿ, ಬೇಡ ಅಂದಿದ್ದನ್ನು ತೆಗೆದುಬಿಡಿ.