ಮಣ್ಣಿನ ಮಗಳಿಗೆ ಅಪ್ಪ ಯಾಕೆ ಬೇಕಾಯಿತು?

ಪತ್ರ: "ಕಾಮಿಕ್ಸ್ ನಾಯಕಿ ವಂಡರ್ ವುಮನ್ ಬಗ್ಗೆ ಬರೆಯುವಾಗ ಬ್ರಯಾನ್ ಅಜರೆಲ್ಲೊ ಬರೆದ ಹೊಸ ಕಥೆಯನ್ನು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದೀರಿ. ಮಣ್ಣಿನ ಗೊಂಬೆಗೆ ಜೀವ ಬಂತು ಅನ್ನುವುದು ಮಕ್ಕಳ ಕಥೆ. ಗ್ರೀಕ್ ದೇವರಾಜ ಝ್ಯೂಸ್‌ನ ಮಗಳು ಅಂದಮೇಲೆ ಅವಳ ಶಕ್ತಿಗೆ ಒಂದು ಕಾರಣ ಸಿಕ್ಕಿತು. ಪಂಪನೂ ಭಾರತವನ್ನು ಬದಲಿಸಲಿಲ್ಲವೇ?" (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ನಾಲ್ಕು ಪುಟದ ಪತ್ರ, ಅದೂ ಕೈಬರಹದಲ್ಲಿ! ಓದಿ ತುಂಬ ಖುಷಿಯಾಯಿತು. ಒಂದೇ ಸಾಲಿನಲ್ಲಿ ಮುಗಿಸಿದ್ದು ನನ್ನ ತಪ್ಪೇ. ಹಾಗಾಗಿ ಇವತ್ತು ಪೂರ್ತಿ ಹೇಳುತ್ತೇನೆ.

ಒಪ್ಪಬೇಕಾದ್ದನ್ನು ಮೊದಲು ಒಪ್ಪುತ್ತೇನೆ. 2011ರಲ್ಲಿ ಅಮೆರಿಕದ ಪ್ರಕಾಶನ ಸಂಸ್ಥೆ ಡಿಸಿ ಕಾಮಿಕ್ಸ್ ತನ್ನ ಕಥೆಗಳನ್ನೆಲ್ಲ ಮತ್ತೆ ಒಂದನೇ ಸಂಚಿಕೆಯಿಂದ ಶುರುಮಾಡಿತು. ಆಗ ವಂಡರ್ ವುಮನ್ ಅಜರೆಲ್ಲೊ ಕೈಗೆ ಬಂದಳು. 2014ರವರೆಗೆ 35 ಸಂಚಿಕೆ. ಕ್ಲಿಫ್ ಚಿಯಾಂಗ್ ಬಿಡಿಸಿದ ದೇವರುಗಳನ್ನು ಮರೆಯೋಕಾಗಲ್ಲ. ಪಾತಾಳದ ದೊರೆ ಹೇಡಿಸ್‌ನ ತಲೆ ಮೇಲೆ ಉರಿಯುವ ಮೋಂಬತ್ತಿಗಳು, ಮೇಣ ಕರಗಿ ಅವನ ಕಣ್ಣೇ ಮುಚ್ಚಿಹೋಗಿದೆ. ಯುದ್ಧದೇವತೆ ಅಂದರೆ ಕಾಲೆಲ್ಲ ರಕ್ತ ಮೆತ್ತಿಕೊಂಡ ಒಬ್ಬ ಮುದುಕ. ಕಥೆ ದಾಯಾದಿ ಜಗಳದ ಹಾಗೆ ಓಡುತ್ತದೆ. ಇಷ್ಟು ನಿಜ.

ಆದರೆ ಅದಕ್ಕಾಗಿ ಏನನ್ನು ಕಿತ್ತುಹಾಕಿದರು ನೋಡಿ. 1941ರಲ್ಲಿ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ ಇವಳನ್ನು ಸೃಷ್ಟಿಸಿದ. ಮರುವರ್ಷವೇ ಹುಟ್ಟಿನ ಕಥೆ ಬಂತು: ಅಮೆಜಾನರು ಎಂಬ ಹೆಣ್ಣು ಯೋಧರ ರಾಣಿ ಹಿಪ್ಪೋಲಿಟಾ ಜೇಡಿಮಣ್ಣಿನಲ್ಲಿ ಮಗುವನ್ನು ಮಾಡಿದಳು, ಪ್ರೇಮದೇವತೆ ಅಫ್ರೊಡೈಟಿ ಅದಕ್ಕೆ ಜೀವ ಕೊಟ್ಟಳು. 1987ರಲ್ಲಿ ಜಾರ್ಜ್ ಪೆರೇಸ್ ಮತ್ತು ಜೊತೆಗಾರರು ಇದನ್ನೇ ಹೊಸದಾಗಿ ಹೇಳಿದರು. ಅದೂ ರೀಬೂಟೇ, ಅಂದರೆ ಕಥೆಯನ್ನು ಮೊದಲಿಂದ ಶುರುಮಾಡಿದ್ದೇ ಅಲ್ವಾ? ಅಲ್ಲಿ ಅಮೆಜಾನರೆಲ್ಲ ಹಿಂದಿನ ಜನ್ಮದಲ್ಲಿ ಗಂಡಸರ ಕೈಯಲ್ಲಿ ಸತ್ತ ಹೆಂಗಸರು. ಹಿಪ್ಪೋಲಿಟಾ ಬಸುರಿಯಾಗಿದ್ದಾಗ ಕೊಲೆಯಾದವಳು. ಸಮುದ್ರದ ದಡದಲ್ಲಿ ಕೂತು ಒದ್ದೆ ಮಣ್ಣಿನಲ್ಲಿ ಅವಳು ತಿದ್ದಿ ತೀಡುವುದು ಅಂದು ಹುಟ್ಟದೇ ಉಳಿದ ಅದೇ ಮಗುವನ್ನು. ಆ ಪುಟ ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಪೆರೇಸ್ ಕಥೆಯಲ್ಲಿ ಮಾತು ಜಾಸ್ತಿ, ಚೌಕಟ್ಟುಗಳೆಲ್ಲ ಅಕ್ಷರದಿಂದ ತುಂಬಿರುತ್ತವೆ, ಗೊತ್ತು. ಆದರೂ ಅದರ ಜೀವ ಎಲ್ಲಿದೆ ಅಂತ ಅವರಿಗೆ ತಿಳಿದಿತ್ತು.

ಅಜರೆಲ್ಲೊ ಮೂರನೇ ಸಂಚಿಕೆಯಲ್ಲೇ ಮಣ್ಣಿನ ಕಥೆ ಸುಳ್ಳು ಅಂದುಬಿಟ್ಟರು. ಝ್ಯೂಸ್‌ನ ಹೆಂಡತಿ ಹೆರಾಳ ಕಣ್ಣು ತಪ್ಪಿಸಲು ತಾಯಿ ಕಟ್ಟಿದ ಕಥೆಯಂತೆ. ಏಳನೆಯದರಲ್ಲಿ ಅಮೆಜಾನರು ಹಡಗು ಹಿಡಿದು ನಾವಿಕರ ಜೊತೆ ಕೂಡುತ್ತಾರೆ, ಆಮೇಲೆ ಅವರನ್ನು ಕೊಲ್ಲುತ್ತಾರೆ. ಹುಟ್ಟಿದ ಗಂಡುಮಕ್ಕಳನ್ನು ಕೊಟ್ಟು ದೇವರುಗಳ ಕಮ್ಮಾರ ಹೆಫೀಸ್ಟಸ್‌ನಿಂದ ಆಯುಧ ಪಡೆಯುತ್ತಾರೆ. ತಾಯಿ ಸುಳ್ಳುಗಾತಿ, ಅಕ್ಕತಂಗಿಯರು ಕೊಲೆಗಾತಿಯರು, ಶಕ್ತಿ ಮಾತ್ರ ಅಪ್ಪನದು. 2017ರ ಸಿನಿಮಾ ಕೂಡ ಅದೇ ಅಪ್ಪನನ್ನು ಎತ್ತಿಕೊಂಡಿತು.

ಪಂಪನ ಮಾತು ಎತ್ತಿದ್ದು ಒಳ್ಳೆಯದಾಯಿತು. ಹೌದು, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿ ಮಾಡಿದ. ಆದರೆ ಅರ್ಜುನನನ್ನು ಎತ್ತಲು ಕರ್ಣನನ್ನು ಇಳಿಸಲಿಲ್ಲ. ಭಾರತದಲ್ಲಿ ಒಬ್ಬರನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಅಂದವನೂ ಅವನೇ. ನೀವು ಪಂಪನನ್ನು ಓದಿದವರು, ಈ ವ್ಯತ್ಯಾಸ ನಿಮಗೆ ಕಾಣದೇ ಹೋಯಿತಲ್ಲ ಅನ್ನುವುದೇ ನನ್ನ ಬೇಸರ.

ಇನ್ನು "ಮಕ್ಕಳ ಕಥೆ" ಅಂದಿದ್ದೀರಿ. ನಮ್ಮಜ್ಜಿ ಚಪಾತಿ ಹಿಟ್ಟು ನಾದುತ್ತಾ ಗಣಪನ ಕಥೆ ಹೇಳುತ್ತಿದ್ದರು. ಗೌರಿ ಮೈಯ ಮಣ್ಣು ತಿಕ್ಕಿ ಮಗನನ್ನು ಮಾಡಿದಳು ಅನ್ನುವಾಗ ಒಂದು ಚೂರು ಹಿಟ್ಟು ಕಿತ್ತು, ಹೊಟ್ಟೆ ಉಬ್ಬಿಸಿ, ಮಣೆಯ ಅಂಚಿನಲ್ಲಿ ಕೂರಿಸುತ್ತಿದ್ದರು. "ಆಗ ಶಿವ ಎಲ್ಲಿದ್ದ?" ಅಂತ ನಾನು ಕೇಳಿದರೆ, "ಅವನು ಮನೇಲಿರಲಿಲ್ಲ ಕಣೋ, ಅವಳೊಬ್ಬಳೇ ಮಾಡಿದ್ದು" ಅನ್ನುತ್ತಿದ್ದರು. ಇದು ಸುಳ್ಳಿರಬೇಕು ಅಂತ ನನಗೆ ಒಂದು ದಿನವೂ ಅನ್ನಿಸಲಿಲ್ಲ. ನಿಮಗೂ ಅನ್ನಿಸಿರಲಿಕ್ಕಿಲ್ಲ. ಹಾಗಿದ್ದಮೇಲೆ ಡಯಾನಾಳ, ಅಂದರೆ ವಂಡರ್ ವುಮನ್‌ಳ ವಿಷಯದಲ್ಲಿ ಮಾತ್ರ ಯಾಕೆ ಕಾರಣ ಬೇಕು?

ಈ "ಕಾರಣ" ಹುಡುಕುವ ಚಾಳಿ ಕಾಮಿಕ್ಸ್‌ಗೆ ಮಾತ್ರ ಅಂಟಿದ್ದಲ್ಲ. ನಮ್ಮ ಕಚೇರಿಗೆ ಬರುವ ಪುಸ್ತಕ ಪರಿಚಯಗಳಲ್ಲಿ ಲೇಖಕಿ ಅಂದರೆ ಸಾಕು, ಯಾರ ಮಗಳು, ಯಾರ ಸೊಸೆ ಅನ್ನುವುದೇ ಮೊದಲ ಸಾಲು. ಕೆಲವು ವರ್ಷದ ಹಿಂದೆ ಉತ್ತರ ಕರ್ನಾಟಕದ ಒಬ್ಬ ಕಬಡ್ಡಿ ಹುಡುಗಿಯ ಬಗ್ಗೆ ಲೇಖನ ಬಂತು. ತಾಯಿ ರೊಟ್ಟಿ ಮಾರಿ ಸಾಕಿದವರು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೂರು ರೊಟ್ಟಿ ಬಡಿದು, ಆಮೇಲೆ ಮಗಳನ್ನು ಮೈದಾನಕ್ಕೆ ಬಿಟ್ಟು ಬರುತ್ತಿದ್ದರು. ಲೇಖನ ಮಾತ್ರ ಶುರುವಾಗಿದ್ದು ಹುಡುಗಿ ಕಣ್ಣಲ್ಲೂ ನೋಡಿರದ ಪೈಲ್ವಾನ್ ಅಜ್ಜನಿಂದ. "ಆಟ ರಕ್ತದಲ್ಲೇ ಬಂದಿದೆ" ಅಂತ. ಅಜ್ಜನ ಪ್ಯಾರಾ ತೆಗೆದು, ಕೊನೆಯಲ್ಲಿದ್ದ ರೊಟ್ಟಿಯನ್ನು ಮೊದಲಿಗೆ ತಂದೆ. ಬರೆದವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಸಂಚಿಕೆ ಬಂದ ವಾರ ಆ ತಾಯಿ ಫೋನ್ ಮಾಡಿದ್ದರು. "ನಾ ರೊಟ್ಟಿ ಬಡಿಯೂದೂ ಹಾಕೀರಲ್ರೀ ಸರ್" ಅಂದವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

1987ರ ಆ ಮೊದಲ ಸಂಚಿಕೆ ಸಿಕ್ಕರೆ ಓದಿ. ಆಮೇಲೂ ಅಜರೆಲ್ಲೊ ಕಡೆಗೇ ನಿಮ್ಮ ಮನಸ್ಸಿದ್ದರೆ ಇನ್ನೂ ನಾಲ್ಕು ಪುಟ ಬರೆಯಿರಿ. ಖಂಡಿತ ಅಚ್ಚು ಹಾಕುತ್ತೇನೆ.