ಅಮೆರಿಕದ ರಾಕ್ ಸಂಗೀತಗಾರ ಜ್ಯಾಕ್ ವೈಟ್‌ನ 'ಲಜರೆಟ್ಟೊ' ಎಲ್‌ಪಿಯ (ಗ್ರಾಮಫೋನ್ ತಟ್ಟೆಯ) ಎ ಬದಿಯಲ್ಲಿ ಹಾಡು ಏಕೆ ಶುರುವಾಗುವುದಿಲ್ಲ?
ರೆಕಾರ್ಡ್ ಕೆಟ್ಟಿಲ್ಲ. 2014ರ ಈ ಆಲ್ಬಮ್‌ನ 'ಅಲ್ಟ್ರಾ ಎಲ್‌ಪಿ'ಯಲ್ಲಿ ಎ ಬದಿ, ಸಾಮಾನ್ಯ ರೆಕಾರ್ಡ್‌ಗೆ ವಿರುದ್ಧವಾಗಿ, ಒಳಗಿನಿಂದ ಹೊರಕ್ಕೆ ನುಡಿಯುತ್ತದೆ. ಪ್ಲೇಯರ್‌ನ ಮುಳ್ಳನ್ನು ಲೇಬಲ್ ಪಕ್ಕದಲ್ಲಿ ಇಳಿಸಿ. ಹೊರ ಅಂಚಿನಲ್ಲಿ ಇಟ್ಟರೆ ಕೊನೆಯ ಮುಚ್ಚಿದ ಗೀರಿಗೆ ಸಿಕ್ಕಿ ಅಲ್ಲೇ ಸುತ್ತುತ್ತದೆ.

ಬಿ ಬದಿಯ 'ಜಸ್ಟ್ ಒನ್ ಡ್ರಿಂಕ್'ಗೆ ಎರಡು ಆರಂಭಗಳಿವೆ, ಅಕೌಸ್ಟಿಕ್ ಮತ್ತು ಎಲೆಕ್ಟ್ರಿಕ್. ಮುಳ್ಳು ಯಾವ ಗೀರಿಗೆ ಬಿತ್ತೋ ಅದು; ಮುಂದೆ ಎರಡೂ ಕೂಡಿಕೊಳ್ಳುತ್ತವೆ. ಲೇಬಲ್‌ಗಳಡಿ ಅಡಗಿರುವ ಎರಡು ಹಾಡುಗಳಲ್ಲಿ ಒಂದಕ್ಕೆ 45, ಇನ್ನೊಂದಕ್ಕೆ 78 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ವೇಗ ಬೇಕು. ಲೇಬಲ್ ಹತ್ತಿರ ಬಂದೊಡನೆ ತಾನೇ ಹಿಂದಿರುಗುವ ತೋಳಿನ ಪ್ಲೇಯರ್‌ನಲ್ಲಿ ಇವನ್ನು ಕೇಳುವುದು ಕಷ್ಟ.

ಗಿಮಿಕ್ಕೇ? ಸ್ವಲ್ಪ ಹೌದು. ಆದರೂ ಅಮೆರಿಕದಲ್ಲಿ ಮೊದಲ ವಾರ ಮಾರಾಟವಾದ ಸುಮಾರು 1,38,000 ಪ್ರತಿಗಳಲ್ಲಿ 40,000ದಷ್ಟು ವಿನೈಲ್, ಅಂದರೆ ಎಲ್‌ಪಿ; ಅಲ್ಲಿನ ಆಲ್ಬಮ್ ಮಾರಾಟದ ಪಟ್ಟಿ ಬಿಲ್‌ಬೋರ್ಡ್‌ನಲ್ಲಿ ನೇರ ಒಂದನೇ ಸ್ಥಾನ. ಶೀರ್ಷಿಕೆ ಗೀತೆಗೆ ಗ್ರ್ಯಾಮಿಯೂ ಬಂತು.